ಮ್ಯಾಡ್ರಿಡ್‌ನಲ್ಲಿ ಮೊದಲ ಸಲ 'ಇಂಡಿಯನ್' ಊಟಕ್ಕೆ ಹೊರಟವರಿಗೆ

ಬಂದು ಎರಡು ವಾರ ಆಗಿರುತ್ತದೆ. ಬ್ರೆಡ್ಡು, ಆಲೂಗಡ್ಡೆ ಆಮ್ಲೆಟ್ಟು ತಿಂದು ತಿಂದು ನಾಲಿಗೆ ಕೆಟ್ಟಿರುತ್ತದೆ. ಆಗ ಯಾರೋ ಲಾವಾಪಿಯೆಸ್ ಎಂಬ ಬಡಾವಣೆಯ ಹೆಸರು ಹೇಳುತ್ತಾರೆ. ಹಳದಿ ಬಣ್ಣದ 3ನೇ ಮೆಟ್ರೊ ಲೈನ್ ಹಿಡಿದು ಅಲ್ಲೇ ಇಳಿಯಿರಿ. ಕಾಯೆ ಲಾವಾಪಿಯೆಸ್ ಎಂಬ ಏರುಬೀದಿಯಲ್ಲಿ ಇಂಡಿಯನ್ ಹೋಟೆಲುಗಳ ಸಾಲೇ ಇದೆ. ಬಾಗಿಲಲ್ಲಿ ಮೆನು ಹಿಡಿದು ನಿಂತವರು ಕೂಗಿ ಕರೆಯುತ್ತಾರೆ. ಮುಜುಗರ ಬೇಡ, ನಕ್ಕು ಮುಂದೆ ಹೋಗಬಹುದು.

ಗಡಿಯಾರ ನೋಡಿಕೊಂಡು ಹೊರಡಿ. ನಾನು ಮೊದಲ ಸಲ ಸಂಜೆ ಆರೂವರೆಗೆ ಹಸಿದುಕೊಂಡು ಹೋಗಿದ್ದೆ. ಅಡುಗೆಮನೆ ಮುಚ್ಚಿತ್ತು. ಇಲ್ಲಿ ಮಧ್ಯಾಹ್ನದ ಊಟ ಒಂದೂವರೆಯಿಂದ ನಾಲ್ಕರ ತನಕ, ರಾತ್ರಿಯದು ಎಂಟೂವರೆ ಮೇಲೆ.

ಮೊದಲ ಸಲಕ್ಕೆ ವಾರದ ದಿನ ಮಧ್ಯಾಹ್ನವೇ ಒಳ್ಳೆಯದು, 'ಮೆನು ದೆಲ್ ದಿಯಾ' ಸಿಗುತ್ತದೆ. ಒಂದೇ ರೇಟಿಗೆ ಮೊದಲು ಸಮೋಸಾನೋ ಪಕೋಡಾನೋ, ಆಮೇಲೆ ಅನ್ನ ಅಥವಾ ನಾನ್ ಜೊತೆ ಒಂದು ಕರಿ, ಕೊನೆಗೆ ಸಿಹಿ ಇಲ್ಲಾ ಕಾಫಿ. ಕುಡಿಯಲೂ ಏನಾದರೊಂದು ಸಾಮಾನ್ಯವಾಗಿ ಸೇರಿರುತ್ತದೆ.

ದೋಸೆ, ಸಾರು ಅಂತ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನ ಕಡೆ ಪಂಜಾಬಿ ಮೆನು, ಕ್ರೀಮ್ ಸುರಿದ ಟಿಕ್ಕಾ ಮಸಾಲಾ, ಚೀಸ್ ತುಂಬಿದ ನಾನ್. ಸ್ಪೇನಿನವರ ನಾಲಿಗೆಗೆ ತಕ್ಕಂತೆ ಸ್ವಲ್ಪ ಸಿಹಿ. ಬೋರ್ಡಿನ ಮೇಲೆ ತಾಜ್ ಮಹಲ್ ಇದ್ದರೂ ಒಳಗಿರುವವರು ಎಷ್ಟೋ ಸಲ ಬಾಂಗ್ಲಾದೇಶದವರು. ಬಾರ್ಸಿಲೋನಾದ ರಾವಾಲ್ ಕಡೆ ಹೋದರೆ ಪಾಕಿಸ್ತಾನದವರೇ ಜಾಸ್ತಿ. ಅಲ್ಲಿ ಹಲಾಲ್ ಹೋಟೆಲುಗಳಲ್ಲಿ ಬಿಯರ್ ಇರದೇ ಹೋಗಬಹುದು. ಎರಡೂ ಕಡೆ ನಮ್ಮ ಹರಕುಮುರುಕು ಹಿಂದಿ ಸಾಕು. ಸ್ಪ್ಯಾನಿಶ್‌ನಲ್ಲಿ ತಡವರಿಸುವುದಕ್ಕಿಂತ ಅದೇ ವಾಸಿ.

ಖಾರದ ವಿಷಯವನ್ನಂತೂ ಹಿಂದಿಯಲ್ಲೇ ಹೇಳಿ. ಒಮ್ಮೆ ನಾನು 'ಪಿಕಾಂತೆ' ಅಂದೆ. ಬಂದದ್ದು ಕೆಂಪು ಬಣ್ಣದ ಸಪ್ಪೆ ಗೊಜ್ಜು. ಮುಂದಿನ ಸಲ ಹಿಂದಿಯಲ್ಲಿ ಕೇಳಿದಾಗ ಅಡುಗೆಯವರೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಸ್ಪ್ಯಾನಿಶ್ ಖಾರವಾ, ನಮ್ಮ ಖಾರವಾ?" ಅಂದರು. ಆಮೇಲೆ ತಟ್ಟೆಯ ಅಂಚಿಗೆ ಎರಡು ಹಸಿಮೆಣಸು, ಒಂದು ಹೋಳು ಈರುಳ್ಳಿ ಬಂತು. ನಮ್ಮ ಖಾರ ಅಂದರೆ ಇದು ಅಲ್ವಾ!

ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. ಈ ದೇಶದಲ್ಲಿ 'ಸಿನ್ ಕಾರ್ನೆ', ಅಂದರೆ ಮಾಂಸ ಇಲ್ಲದ್ದು, ಅಂತ ಹೇಳಿದರೆ ಸಾಲದು. ಮೀನು ಬೇರೆ, ಮಾಂಸ ಬೇರೆ ಎನ್ನುವ ಲೆಕ್ಕ ಇವರದು. 'ಎನ್ಸಲಾದಾ ಮಿಕ್ಸ್ತಾ' ಎಂಬ ಸಲಾಡಿನಲ್ಲಿ ಟ್ಯೂನಾ ಮೀನು ಮಾಮೂಲು. ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರು ಹಿಡಿದು ಬೇಡ ಅನ್ನಿ: 'ನಿ ಕಾರ್ನೆ, ನಿ ಪೆಸ್ಕಾದೊ, ನಿ ವೇವೊ'. ಮಾಂಸ ತಿಂದರೂ ದನದ್ದು ಬೇಡ ಅನ್ನುವವರು 'ತೆರ್ನೆರಾ' ಪದ ಗುರುತಿಟ್ಟುಕೊಳ್ಳಿ. 'ಕೊರ್ದೆರೊ' ಕುರಿಮರಿ. 'ಗಾರ್ಬಾನ್ಸೊಸ್' ಅಂದರೆ ನಮ್ಮ ಕಡಲೆಕಾಳಿನ ಬಿಳಿ ಅಣ್ಣ.

ನೀರಿಗೆ ದುಡ್ಡು ಕೊಡಬೇಕಿಲ್ಲ. 'ಅಗ್ವಾ ದೆಲ್ ಗ್ರಿಫೊ' ಅಂದರೆ ನಲ್ಲಿ ನೀರು. ಅದನ್ನು ಪುಕ್ಕಟೆ ಕೊಡಬೇಕೆಂದು 2022ರ ಕಾನೂನೇ ಹೇಳುತ್ತದೆ. ಕೇಳದೆ ಹಪ್ಪಳ ತಂದಿಟ್ಟರೆ ಮಾತ್ರ ಅದಕ್ಕೆ ದುಡ್ಡಿದೆಯಾ ಅಂತ ಕೇಳಿಯೇ ಮುರಿಯಿರಿ. ಬಿಲ್ಲು ತಾನಾಗಿ ಬರುವುದಿಲ್ಲ, 'ಲಾ ಕ್ವೆಂತಾ' ಅನ್ನಬೇಕು. ಟಿಪ್ಸ್ ಕಡ್ಡಾಯವಲ್ಲ.

ನಾನೀಗ ಹೋಗುವುದು ಮೂರೂವರೆ ದಾಟಿದ ಮೇಲೆ. ಗಿರಾಕಿಗಳು ಕರಗಿರುತ್ತಾರೆ, ಒಳಗಿನವರು ತಮ್ಮ ಊಟಕ್ಕೆ ಕೂರುವ ಹೊತ್ತು. ಒಂದು ದಿನ ಮೆನು ಮಡಚಿಟ್ಟು "ನೀವು ಏನು ತಿಂತೀರಿ?" ಅಂದೆ. ಅವರು ಮುಖ ಮುಖ ನೋಡಿಕೊಂಡು ನಕ್ಕರು. ಬಿಸಿ ಅನ್ನ, ತೆಳ್ಳನೆ ಮಸೂರ್ ಬೇಳೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ನಮ್ಮ ಮನೆಯ ತೊವ್ವೆಗೆ ಒಂದು ಹಿಡಿ ಕರಿಬೇವು ಮಾತ್ರ ಕಮ್ಮಿ.