ಹೊಸ ಲೇತ್ ತಂದವರು ಮೊದಲು ಏನು ಕಡೆಯಬೇಕು?

ಲೇತ್ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮನೆಗೆ ಬಂದ ದಿನವೇ ಬಟ್ಟಲು ಕಡೆಯಲು ಹೊರಡುತ್ತಾರೆ ಜನ. ಬೇಡ. ಬುಗುರಿ ಅಥವಾ ಪುಟ್ಟ ಲಟ್ಟಣಿಗೆಯಿಂದ ಶುರು ಮಾಡಿ. ಇವುಗಳಲ್ಲಿ ಮರದ ಎಳೆ ಉದ್ದಕ್ಕೆ ಇರುತ್ತದೆ, ಬಟ್ಟಲಲ್ಲಾದರೆ ಪ್ರತಿ ಸುತ್ತಿಗೂ ಎಳೆಯ ದಿಕ್ಕು ಬದಲಾಗಿ, ಕೈ ಪಳಗದವರಿಗೆ ಉಳಿ ಫಕ್ಕನೆ ಕಚ್ಚಿಕೊಳ್ಳುತ್ತದೆ.

ಚನ್ನಪಟ್ಟಣದವರು ಬಳಸುವ ಹಾಲೆ ಮರ ಸಿಕ್ಕರೆ ಬಿಡಬೇಡಿ. ಇಲ್ಲದಿದ್ದರೆ ಗಂಟು, ಬಿರುಕು ಇಲ್ಲದ ಯಾವುದಾದರೂ ಮೆತ್ತನೆ ಮರ ಸಾಕು. ಚೌಕ ತುಂಡು ದುಂಡಗಾಗುವವರೆಗೆ ಸ್ಪೀಡ್ ಕಡಿಮೆ ಇರಲಿ. ಸ್ವಿಚ್ ಹಾಕುವ ಮುಂಚೆ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಮರದ ಮೂಲೆ ಟೂಲ್ ರೆಸ್ಟಿಗೆ, ಅಂದರೆ ಉಳಿ ಊರುವ ಆಸರೆಗೆ, ತಗಲಬಾರದು.

ಉಳಿ ಮೊದಲು ರೆಸ್ಟ್ ಮೇಲೆ ಕೂರಬೇಕು, ಆಮೇಲೆ ಅದರ ಓರೆ ಮೈ (ಹರಿತ ಬಾಯಿಯ ಹಿಂದಿನ ಇಳಿಜಾರು) ಮರಕ್ಕೆ ಸುಮ್ನೆ ಸವರಬೇಕು, ಆಗ ಹಿಡಿಯನ್ನು ನಿಧಾನಕ್ಕೆ ಎತ್ತಿದರೆ ಬಾಯಿ ಮರವನ್ನು ಹಿಡಿಯುತ್ತದೆ. ಹೆರೆ ಸುರುಳಿಯಾಗಿ ಬಂದರೆ ಸರಿ. ಬರೀ ಪುಡಿ ಉದುರಿದರೆ ಹೆಚ್ಚಾಗಿ ಉಳಿ ಮೊಂಡಾಗಿರುತ್ತದೆ, ಸಾಣೆ ಹಿಡಿಯಿರಿ.

ಫೇಸ್ ಶೀಲ್ಡ್ ಬೇಕೇ ಬೇಕು. ಗ್ಲೌಸ್, ಸಡಿಲ ತೋಳು, ದುಪಟ್ಟಾ ಬೇಡವೇ ಬೇಡ. ಸ್ಯಾಂಡ್ ಪೇಪರ್ ಉಜ್ಜುವಾಗ ರೆಸ್ಟ್ ತೆಗೆದಿಡಿ.

ಬುಗುರಿಗೆ ಬಣ್ಣ ಬೇಕಾ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯಿರಿ, ಉಜ್ಜುವ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ.