ಕಾಯ್ದೆ ಕೇಳದ ಸಹಿ

2023ರ ಫೆಬ್ರವರಿ ಮೊದಲ ವಾರ. ಓಪಿಡಿ ಮುಗಿಯುವ ಹೊತ್ತಿಗೆ ಬಂದ ಹೆಣ್ಣುಮಗಳು ಬೆಂಚಿನ ತುದಿಯಲ್ಲಿ ಕೂತಳು. ಕೊನೇ ಸಲ ಮುಟ್ಟಾಗಿದ್ದು ಯಾವಾಗ ಅಂತ ಕೇಳಿದೆ.

"ಗೌರಿ ಹಬ್ಬದ ಮಾರನೇ ದಿನ ಮೇಡಂ."

ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ಎಷ್ಟೋ ಹೆಂಗಸರು ತಾರೀಖು ಹೇಳುವುದಿಲ್ಲ, ಹಬ್ಬ ಹೇಳುತ್ತಾರೆ. ಕ್ಯಾಲೆಂಡರ್ ತಿರುವಿ ಎಣಿಸಿದೆ. 22 ವಾರ. ಸ್ಕ್ಯಾನಿಂಗೂ ಅದನ್ನೇ ಹೇಳಿತು. ದೀಪಾವಳಿ ಕಳೆದ ಮೇಲೆ ಅವಳ ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ. ಗರ್ಭಪಾತ ಮಾಡಿಸಿಕೊಳ್ಳಬೇಕು ಅಂತ ಬಂದಿದ್ದಳು.

"ಮೂರು ವಾರದ ಹಿಂದೇನೇ ಒಂದು ಕಡೆ ತೋರಿಸಿದ್ವಿ. ಅತ್ತೆ–ಮಾವನ ಸಹಿ ಬೇಕು ಅಂದ್ರು. ಅವರು ಬರಲೇ ಇಲ್ಲ" ಎಂದಳು ಜೊತೆಗಿದ್ದ ಅಕ್ಕ.

ಆಗ ಅವಳಿಗೆ 19 ವಾರ. ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಒಬ್ಬ ವೈದ್ಯರ ಅಭಿಪ್ರಾಯ ಸಾಕಿತ್ತು. 20 ದಾಟಿದರೆ ಇಬ್ಬರದು ಬೇಕು. ಅದೂ ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನವಾದವರು ಮುಂತಾಗಿ ನಿಯಮ ಗುರುತಿಸಿದವರಿಗೆ ಮಾತ್ರ. 24 ದಾಟಿದ ಮೇಲೆ, ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದರೆ, ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಕಾಯ್ದೆಯಲ್ಲಿ ಎಲ್ಲೂ ಇಲ್ಲದ ಒಂದು ಸಹಿಗಾಗಿ ಅವಳ ಮೂರು ವಾರ ಹಾಳಾಗಿತ್ತು.

ಹಿಂದೆ ನಾನೂ ಆ ಸಹಿ ಕೇಳಿದವಳೇ. ಪಿಜಿ ಮಾಡುವಾಗ ಸೀನಿಯರ್‌ಗಳು ಕೇಳುತ್ತಿದ್ದರು, ನಾನೂ ಕಲಿತೆ. ನಾಳೆ ಗಂಡ ಬಂದು ಗಲಾಟೆ ಮಾಡಿದರೆ ಎಂಬ ಭಯ. ಕಾಯ್ದೆಯ ಪ್ರತಿ ತರಿಸಿಕೊಂಡು ಕೂತು ಓದಿದ್ದು 2021ರ ತಿದ್ದುಪಡಿ ಬಂದಾಗ. 18 ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು ಎಂಬುದು 1971ರಿಂದಲೂ ಅಲ್ಲೇ ಇತ್ತು. ಗರ್ಭನಿರೋಧಕ ಕೈಕೊಟ್ಟ ಸಂದರ್ಭಕ್ಕೆ 'ವಿವಾಹಿತ ಮಹಿಳೆ ಅಥವಾ ಆಕೆಯ ಪತಿ' ಎಂದಿದ್ದ ಜಾಗದಲ್ಲಿ ತಿದ್ದುಪಡಿ 'ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ' ಎಂದು ಬರೆಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, 20ರಿಂದ 24 ವಾರದ ಅವಕಾಶ ಮದುವೆಯಾಗದವರಿಗೂ ಉಂಟು ಎಂದಿತು. ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದೂ ಹೇಳಿತು. ಅಂದಿನಿಂದ ನನ್ನ ಟೇಬಲ್ಲಿನ ಮೇಲೆ ಒಪ್ಪಿಗೆ ಪತ್ರ ಒಂದೇ ಇರುತ್ತದೆ, ಫಾರಂ ಸಿ.

ಆದರೂ ನನಗೊಂದು ತಕರಾರಿದೆ. ಕಾಯ್ದೆಯ ಮೊದಲ ಮಾತೇ ವೈದ್ಯರು ಯಾವಾಗ ಅಪರಾಧಿಯಲ್ಲ ಎಂಬುದು. ಹೆಣ್ಣು ಕೇಳಿದ್ದಕ್ಕೇ ಆಗುವ ಕೆಲಸವಲ್ಲ ಇದು, ನಮ್ಮ ಅಭಿಪ್ರಾಯ ಬೀಳಬೇಕು. ಹಾಗಾಗಿ ನಾವು ಹಿಂಜರಿದಷ್ಟು ದಿನ ಅವಳ ಹೊಟ್ಟೆಯಲ್ಲಿ ವಾರಗಳಾಗಿ ಬೆಳೆಯುತ್ತದೆ. ಮೊದಲ 12 ವಾರವಾದರೂ ಅವಳ ಮಾತೇ ಕೊನೆಯ ಮಾತಾಗಬೇಕು ಅಂತ ನನ್ನ ಖಚಿತ ನಿಲುವು.

ನಮ್ಮಲ್ಲಿ ಸ್ತ್ರೀರೋಗ ತಜ್ಞೆ ಅಂತ ಇರುವುದು ನಾನೊಬ್ಬಳೇ. ಪಕ್ಕದ ತಾಲ್ಲೂಕಿನ ಸಹೋದ್ಯೋಗಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಸಂಜೆ ಬಂದರು, ಅವಳನ್ನು ನೋಡಿದರು, ತಮ್ಮ ಅಭಿಪ್ರಾಯ ಬರೆದರು. ಈಗ ಅವರ ಆಸ್ಪತ್ರೆಯ ಕೇಸಿಗೆ ನಾನು ಹೋಗುತ್ತೇನೆ.

ಬಿಡುಗಡೆಯ ದಿನ ಅವಳು ಮೆಲ್ಲಗೆ ಕೇಳಿದಳು, "ನನ್ ಹೆಸರು ಯಾರಾದ್ರೂ ನೋಡ್ತಾರಾ ಮೇಡಂ?" ಒಪ್ಪಿಗೆ ಪತ್ರ ಹಾಕಿ ಸೀಲ್ ಮಾಡಿದ ಕವರ್ ತೋರಿಸಿದೆ. ಮೇಲೆ 'ರಹಸ್ಯ' ಎಂದಿತ್ತು, ಒಂದು ಕ್ರಮಸಂಖ್ಯೆ ಇತ್ತು. ಆಪರೇಷನ್ ರಿಜಿಸ್ಟರಿನಲ್ಲೂ ಆ ಸಂಖ್ಯೆಯೇ. ಅವಳು ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡಳು. ಆಮೇಲೆ ಅಕ್ಕನ ಕೈ ಹಿಡಿದು ಎದ್ದಳು.