ಲೆಂಕೊ ಜಿಎಲ್75: ಜಾರುವ ಹಿಡಿ, ಐದು ಮನೆ ಶ್ರುತಿ

ಹಳೆಯ ಟರ್ನ್‌ಟೇಬಲ್ (ಹಾಡಿನ ಪ್ಲೇಟು ತಿರುಗಿಸುವ ಯಂತ್ರ) ಒಂದನ್ನು ಸರಿಮಾಡಿಸಿಕೊಂಡು ಕೇಳಬೇಕು ಎಂದು ಯಾರನ್ನಾದರೂ ವಿಚಾರಿಸಿದರೆ ಬರುವ ಉತ್ತರ ಥೋರೆನ್ಸ್, ಇಲ್ಲವೇ ಟೆಕ್ನಿಕ್ಸ್. ಎರಡೂ ಒಳ್ಳೆಯವೇ. ಆದರೆ ನಮ್ಮ ಮನೆಯಲ್ಲಿ ಎಲ್‌ಪಿಗಳಿಗಿಂತ ನಿಮಿಷಕ್ಕೆ 78 ಸುತ್ತು ತಿರುಗಿಸುವ ಹಳೆಯ ಪ್ಲೇಟುಗಳೇ ಜಾಸ್ತಿ. ದೊಡ್ಡಪ್ಪ ಕೂಡಿಟ್ಟು ಹೋದ ಕರ್ನಾಟಕ ಸಂಗೀತ, ಕಾಳಿಂಗರಾಯರ ಭಾವಗೀತೆ, ಒಂದಷ್ಟು ರಂಗಗೀತೆ. ಥೋರೆನ್ಸ್ ಟಿಡಿ 160ರಲ್ಲಿ 33 ಮತ್ತು 45 ಬಿಟ್ಟರೆ ಬೇರೆ ವೇಗವಿಲ್ಲ. ಎಲ್ಲರ ಬಾಯಲ್ಲೂ ಇರುವ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಲ್ಲೂ ಅಷ್ಟೇ. ಹಾಗಾಗಿ ನಾನು ಹುಡುಕಿದ್ದು ಗೋಲ್ಡ್‌ರಿಂಗ್ ಲೆಂಕೊ ಜಿಎಲ್75.

ಸ್ವಿಟ್ಜರ್‌ಲ್ಯಾಂಡಿನ ಬುರ್ಗ್‌ಡಾರ್ಫ್ ಊರಿನ ಲೆಂಕೊ ಕಂಪನಿ ಇದನ್ನು ಎಲ್75 ಎಂದು ಮಾಡುತ್ತಿತ್ತು. ಇಂಗ್ಲೆಂಡಿಗೆ ತರಿಸಿ ಮಾರಿದ ಗೋಲ್ಡ್‌ರಿಂಗ್ ತನ್ನ ಹೆಸರನ್ನು ಮುಂದೆ ಸೇರಿಸಿತು. 1970ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿ ಮರಳಿದವರೊಬ್ಬರ ಅಟ್ಟದಿಂದ ನನಗೆ ಸಿಕ್ಕಿದ್ದು ಆ ಇಂಗ್ಲಿಷ್ ಅವತಾರ. ಇದರ ಒಳಗಿನ ಉಪಾಯ ನೋಡಿದರೆ ಖುಷಿಯಾಗುತ್ತದೆ. ಮೋಟಾರು ಮಲಗಿದೆ, ಅದರ ಶಾಫ್ಟ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣಗಾಗುತ್ತ ಹೋಗುತ್ತದೆ. ರಬ್ಬರ್ ಅಂಚಿನ ಐಡ್ಲರ್ ಚಕ್ರವೊಂದು ನೆಟ್ಟಗೆ ನಿಂತು, ಕೆಳಗೆ ಈ ಶಾಫ್ಟಿಗೂ ಮೇಲೆ ಪ್ಲ್ಯಾಟರಿನ, ಅಂದರೆ ಪ್ಲೇಟು ಕೂರುವ ತಟ್ಟೆಯ, ತಳಕ್ಕೂ ತಾಗಿಕೊಂಡು ತಿರುಗುತ್ತದೆ. ಮೇಲಿನ ಹಿಡಿಯನ್ನು ಜಾರಿಸಿದರೆ ಚಕ್ರ ಶಾಫ್ಟಿನುದ್ದಕ್ಕೂ ಸರಿಯುತ್ತದೆ, ವೇಗ ಬದಲಾಗುತ್ತದೆ. 16, 33, 45, 78ಕ್ಕೆ ಗುರುತುಗಳಿವೆ, ಆದರೆ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನನಗೆ ಬೇಕಿದ್ದದ್ದು ಇದೇ.

ಮೊದಲು ಟೋನ್‌ಆರ್ಮ್, ಅಂದರೆ ಮುಳ್ಳನ್ನು ಹೊತ್ತು ಪ್ಲೇಟಿನ ಮೇಲೆ ಸಾಗುವ ತೋಳು. ಈ ಮಾದರಿಯ ಆರ್ಮ್ ಮೇಲೆ ಕೆಳಗೆ ಆಡುವುದು ಬಾಲ್ ಬೇರಿಂಗಿನ ಮೇಲಲ್ಲ, ಚಾಕುವಿನ ಅಲಗಿನಂಥ ಎರಡು ಅಂಚುಗಳ ಮೇಲೆ. ಆ ಅಂಚುಗಳು ಕೂರುವುದು ವಿ ಆಕಾರದ ತೋಡು ಇರುವ ಎರಡು ಪುಟ್ಟ ರಬ್ಬರ್ ತುಂಡುಗಳಲ್ಲಿ. ಐವತ್ತು ವರ್ಷ ಕಳೆದ ಮೇಲೆ ಆ ರಬ್ಬರು ಪುಡಿಯಾಗದೆ ಉಳಿದಿರುವ ಲೆಂಕೊ ನಾನಂತೂ ಕಂಡಿಲ್ಲ. ನನ್ನದರಲ್ಲಿ ಅದು ಹುರಿದ ಕಡಲೆ ಸಿಪ್ಪೆಯ ಹಾಗೆ ಉದುರಿತು. ಹೀಗಾದಾಗ ಆರ್ಮ್ ಒಂದು ಪಕ್ಕಕ್ಕೆ ವಾಲುತ್ತದೆ, ಬೆರಳು ತಾಗಿಸಿದರೆ ಕಟಕಟ ಅನ್ನುತ್ತದೆ. ಅದರಲ್ಲಿ ಎಂಥ ಕಾರ್ಟ್ರಿಡ್ಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿ) ಹಾಕಿದರೂ ವ್ಯರ್ಥ. ಈ ತುಂಡುಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲೋ ಹಿತ್ತಾಳೆಯಲ್ಲೋ ಮಾಡಿ ಮಾರುವ ಹವ್ಯಾಸಿಗಳು ಯುರೋಪಿನಲ್ಲಿ ಇದ್ದಾರೆ. ನಾನು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು ತರಿಸಿಕೊಂಡೆ. ಬದಲಾಯಿಸುವಾಗ ಆರ್ಮನ್ನು ಮೇಲಕ್ಕೆ ಎಳೆಯಲೇಬಾರದು. ಒಳಗಿನ ವೈರು ಕೂದಲಿನಷ್ಟು ತೆಳು. ತುಸುವೇ ಎತ್ತಿ, ಹಳೆಯ ಚೂರುಗಳನ್ನು ಚಿಮುಟದಲ್ಲಿ ತೆಗೆದು, ಅಲಗಿನ ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸ ತುಂಡು ಕೂರಿಸಬೇಕು. ಹಿಂದಿನ ತೂಕದ ಗುಂಡು ಹಿಡಿದಿರುವ ರಬ್ಬರೂ ಸಡಿಲಗೊಂಡು ಬಾಲ ಜೋತುಬಿದ್ದಿರುತ್ತದೆ. ಅದನ್ನೂ ಅದೇ ಹೊತ್ತಿಗೆ ಸರಿಮಾಡಿಬಿಡುವುದು ಒಳ್ಳೆಯದು.

ಬೇರಿಂಗ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಜಿಗುಟಾಗಿದ್ದ ಹಳೆಯ ಎಣ್ಣೆ ತೊಳೆದೆ, ಹೊಸದು ಹಾಕಿದೆ. ಮೋಟಾರಿನ ಎರಡು ತುದಿಯ ಬುಷ್‌ಗಳಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಹಾಕಿ ನಿಲ್ಲಿಸಿದ ಮೋಟಾರುಗಳನ್ನು ನೋಡಿದ್ದೇನೆ. ಚಳಿಗಾಲದಲ್ಲಿ ಅದು ಏನಾಗುತ್ತದೆಂದು ಬಚ್ಚಲು ಮನೆಯ ಸೀಸೆ ನೋಡಿದವರಿಗೆ ಗೊತ್ತು. ಐಡ್ಲರ್ ಚಕ್ರದ ರಬ್ಬರ್ ಅದೃಷ್ಟಕ್ಕೆ ಚೆನ್ನಾಗಿತ್ತು. ಕೊಂಡುಕೊಳ್ಳುವ ಮುನ್ನ ನೋಡಬೇಕಾದದ್ದು ಇದನ್ನೇ: ಚಕ್ರ ಒತ್ತಿಕೊಂಡೇ ವರ್ಷಗಟ್ಟಲೆ ಕೂತಿದ್ದರೆ ರಬ್ಬರಿನಲ್ಲಿ ತಗ್ಗು ಬಿದ್ದು, ಸುತ್ತಿಗೊಮ್ಮೆ ಧಪ್ ಅನ್ನುತ್ತದೆ.

ಕರೆಂಟಿನ ಕಡೆ ಒಂದೇ ಒಂದು ಕಟ್ಟುನಿಟ್ಟಿನ ಮಾತು. ಸ್ವಿಚ್ಚಿಗೆ ಅಡ್ಡಲಾಗಿ ಕಿಡಿ ತಡೆಯಲು ಹಾಕಿರುವ ಹಳೆಯ ಕೆಪಾಸಿಟರ್ ಕಿತ್ತು, ಎಕ್ಸ್2 (ಮನೆ ಕರೆಂಟಿನ ಲೈನಿಗೆಂದೇ ಮಾಡಿದ ದರ್ಜೆ) ಎಂದು ಬರೆದಿರುವ ಹೊಸದನ್ನೇ ಹಾಕಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ, ಚಿಲ್ಲರೆ ದುಡ್ಡು. ಲೋಹದ ಮೈಗೆ ಅರ್ತ್ ವೈರ್ ಕೊಟ್ಟು ಮೂರು ಪಿನ್ ಪ್ಲಗ್ ಹಾಕಿದೆ; ಟೋನ್‌ಆರ್ಮಿನ ಅರ್ತನ್ನು ಬೇರೆಯೇ ವೈರಿನಲ್ಲಿ ಆಂಪ್ಲಿಫೈಯರಿಗೆ ಒಯ್ದೆ. ಇವೆರಡನ್ನು ಒಂದೇ ಕಡೆ ಕಟ್ಟಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುವ ಸಾಧ್ಯತೆ ಹೆಚ್ಚು.

ಆಮೇಲೆ ಪೀಠ. ಕಾರ್ಖಾನೆಯಿಂದ ಬಂದದ್ದು ಸ್ಪ್ರಿಂಗುಗಳ ಮೇಲೆ ಕೂತ ಟೊಳ್ಳು ಪೆಟ್ಟಿಗೆ. ಐಡ್ಲರ್ ಯಂತ್ರಗಳಿಗೆ ‘ಗುಡುಗುಡು’ ಎಂಬ ಕೆಟ್ಟ ಹೆಸರು ಬಂದದ್ದರಲ್ಲಿ ಅರ್ಧ ಪಾಲು ಈ ಪೆಟ್ಟಿಗೆಯದೇ ಎಂದು ನನ್ನ ನಂಬಿಕೆ. ಮೋಟಾರಿನ ನಡುಕವನ್ನು ಪಿಟೀಲಿನ ಹೊಟ್ಟೆ ತಂತಿಯನ್ನು ಎತ್ತಿ ಕೊಡುವ ಹಾಗೆ ಅದು ಎತ್ತಿ ಕೊಡುತ್ತದೆ. ಉಪಾಯ ಸರಳ: ಭಾರ. 19 ಮಿಲಿಮೀಟರಿನ ಮರೈನ್ ಪ್ಲೈವುಡ್ ನಾಲ್ಕು ಪದರ ಅಂಟಿಸಿ, ಯಂತ್ರದ ಹೊಟ್ಟೆ ಕೂರುವಷ್ಟೇ ಜಾಗ ಕೊರೆಸಿ, ಮೇಲ್ತಟ್ಟೆಯನ್ನು ನೇರವಾಗಿ ಮರಕ್ಕೆ ಬೋಲ್ಟ್ ಮಾಡಿದೆ. ನಮ್ಮ ಬೀದಿಯ ಆಚಾರ್ರಿಗೆ ರಟ್ಟಿನಲ್ಲಿ ಕತ್ತರಿಸಿದ ಅಚ್ಚು ಕೊಟ್ಟಾಗ ಅವರು ತಿರುಗಿಸಿ ಮುರುಗಿಸಿ ನೋಡಿ, “ಸಾರ್, ಇದರ ಮೇಲೆ ಯಾವ ದೇವರನ್ನ ಕೂರಿಸ್ತೀರಿ?” ಅಂದರು. “ಹಾಡೋ ದೇವರು, ಆಚಾರ್ರೇ” ಅಂದೆ. “ಹಂಗಾದ್ರೆ ನಾಲ್ಕು ಸುತ್ತಿಗೂ ಹೊನ್ನೆ ಪಟ್ಟಿ ಹೊಡೆಯೋಣ, ಬರೀ ಪ್ಲೈವುಡ್ ಚೆನ್ನಾಗಿರಲ್ಲ” ಎಂದು ಅವರೇ ತೀರ್ಮಾನಿಸಿದರು. ಸುಮಾರು 4 ಕಿಲೊ ತೂಗುವ ಪ್ಲ್ಯಾಟರೂ ಸೇರಿ ಈಗ ಅದನ್ನು ಒಬ್ಬರೇ ಎತ್ತುವುದು ಕಷ್ಟ. ಗುಡುಗುಡು ಎಷ್ಟು ಇಳಿಯಿತೆಂದರೆ, ಹಾಡು ಶುರುವಾಗುವ ಮುಂಚೆ ಮುಳ್ಳು ಓಡುವ ತೋಡಿನಲ್ಲಿ ಪ್ಲೇಟಿನದೇ ಸರಸರ ಬಿಟ್ಟು ಬೇರೇನೂ ಕೇಳುವುದಿಲ್ಲ. ಹಣ ಎಲ್ಲಿ ಹಾಕಬೇಕು ಎಂದು ಕೇಳುವವರಿಗೆ ನಾನು ಹೇಳುವುದು ವಿ ತುಂಡು ಮತ್ತು ಮರ. ಸಾವಿರಾರು ರೂಪಾಯಿಯ ಬೆಳ್ಳಿ ಕೇಬಲ್ಲು ಆಮೇಲೂ ಬೇಕಿಲ್ಲ.

ಕಾರ್ಟ್ರಿಡ್ಜ್ ವಿಷಯದಲ್ಲಿ 78 ಕೇಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ ತ್ರಿಜ್ಯದ್ದು. 78ರ ತೋಡು ಅದಕ್ಕಿಂತ ಬಹಳ ಅಗಲ, 65ರಿಂದ 75 ಮೈಕ್ರಾನಿನ ಮುಳ್ಳು ಬೇಕು. ಸಣ್ಣ ಮುಳ್ಳು ಹಾಕಿದರೆ ಅದು ತೋಡಿನ ತಳದ ಕಸದಲ್ಲಿ ಉಜ್ಜಿಕೊಂಡು ಹೋಗುತ್ತದೆ, ಹಾಡಿಗಿಂತ ಗರಗರವೇ ಜಾಸ್ತಿ. ನಾನು ಆರಿಸಿದ್ದು ಆಡಿಯೊ-ಟೆಕ್ನಿಕಾದ ವಿಎಂ95. ಒಂದೇ ಕಾರ್ಟ್ರಿಡ್ಜ್ ಮೈಗೆ ಎಲ್‌ಪಿಯ ಮುಳ್ಳನ್ನೂ 78ರ ಎಸ್‌ಪಿ ಮುಳ್ಳನ್ನೂ ಬದಲಿಸಿ ಹಾಕಬಹುದು. ಮೊದಲನೆಯದಕ್ಕೆ 2 ಗ್ರಾಂ ಭಾರ, ಎರಡನೆಯದಕ್ಕೆ 5. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಅಳೆಯುವುದಾದರೆ ಅದರ ತಟ್ಟೆ ಉಕ್ಕಿನದ್ದೋ ಅಲ್ಲವೋ ನೋಡಿಕೊಳ್ಳಿ. ಉಕ್ಕಿನದ್ದಾದರೆ ಕಾರ್ಟ್ರಿಡ್ಜಿನ ಅಯಸ್ಕಾಂತ ತಟ್ಟೆಯನ್ನು ಸೆಳೆದು ತೂಕ ತಪ್ಪು ತೋರಿಸುತ್ತದೆ. ಮೇಲೊಂದು ಸಣ್ಣ ಮರದ ತುಂಡಿಟ್ಟು ಅದರ ಮೇಲೆ ಮುಳ್ಳಿಳಿಸಿದರೆ ಆಯಿತು. ಪ್ರೀಆಂಪಿನಲ್ಲಿ (ಕಾರ್ಟ್ರಿಡ್ಜಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಪೆಟ್ಟಿಗೆ) ಎರಡು ಚಾನೆಲ್ಲನ್ನು ಒಂದಾಗಿಸುವ ಮೋನೊ ಸ್ವಿಚ್ ಇರಲೇಬೇಕು. 78ರ ಹಾಡು ತೋಡಿನ ಅಡ್ಡ ಚಲನೆಯಲ್ಲಷ್ಟೇ ಇರುವುದರಿಂದ, ಎರಡು ಚಾನೆಲ್ ಸೇರಿಸಿದರೆ ಮೇಲೆ ಕೆಳಗಿನ ಅಲುಗಾಟದ ಗಲಾಟೆ ತಾನಾಗಿ ಕಳೆದುಹೋಗುತ್ತದೆ.

ಇಷ್ಟೆಲ್ಲ ಮಾಡಿದ್ದು ಆ ಜಾರುವ ಹಿಡಿಗಾಗಿ. 78 ಎಂದು ಕರೆದರೂ, ಹಳೆಯ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿಗೆ ಧ್ವನಿಮುದ್ರಣವಾದವಲ್ಲ. 1925ರ ಸುಮಾರಿಗೆ ಮೈಕ್ರೊಫೋನ್ ಬರುವ ಮೊದಲು, ಕಹಳೆಯೆದುರು ಹಾಡಿದ ಕಾಲದವು 70ರಿಂದ 80ರ ನಡುವೆ ಎಲ್ಲೆಲ್ಲೋ ಇವೆ. ಆಗ ಕೆಲವು ಗಾಯಕರು ಹಾಡು ಮುಗಿಸಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿಸಿಕೊಂಡ, ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಅದಕ್ಕೆ ಪ್ರಸಿದ್ಧರು. ವೇಗ ಹಿಡಿಯುವವನಿಗೆ ಆ ಮಾತು ದೊಡ್ಡ ಸಹಾಯ: ಹಾಡಿನ ಸ್ವರದಲ್ಲಿ ಕಿವಿ ಮೋಸ ಹೋಗಬಹುದು, ಮಾತಿನಲ್ಲಿ ಮೋಸ ಹೋಗುವುದು ಕಡಿಮೆ.

ವೇಗ ಅಳೆಯಲು ಸ್ಟ್ರೋಬ್ ಚಿತ್ರ, ಅಂದರೆ ಪ್ಲ್ಯಾಟರಿನ ಮೇಲಿಡುವ ಗೆರೆಗಳ ವೃತ್ತಗಳು, ಮುದ್ರಿಸಿಕೊಂಡೆ; ಮಿನುಗುವ ಬೆಳಕಿನಲ್ಲಿ ವೇಗ ಸರಿಯಾದಾಗ ಆ ಗೆರೆಗಳು ನಿಂತಂತೆ ಕಾಣುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಯಾನ್ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. 6000ವನ್ನು ಗೆರೆಗಳ ಸಂಖ್ಯೆಯಿಂದ ಭಾಗಿಸಿದರೆ ವೇಗ: 180 ಗೆರೆ ನಿಂತಂತೆ ಕಂಡರೆ 33⅓, 77 ನಿಂತರೆ 78ಕ್ಕೆ ಕೂದಲೆಳೆ ಕಡಿಮೆ. ಅಂಗಡಿಯಲ್ಲಿ ಸಿಗುವ ಚಿತ್ರದಲ್ಲಿ ಸಾಮಾನ್ಯವಾಗಿ 33, 45, 78ರ ವೃತ್ತಗಳಷ್ಟೇ ಇರುತ್ತವೆ. ನಾನು 80 (ವೇಗ 75), 81 (74), 82 (73.2), 84 (71.4) ಗೆರೆಗಳ ವೃತ್ತಗಳನ್ನೂ ಸೇರಿಸಿದೆ. ಒಳ್ಳೆಯ ಎಲ್‌ಇಡಿ ಬೆಳಕಿನಲ್ಲಿ ಇದು ಕೆಲಸ ಮಾಡದು, ಅದು ಮಿನುಗುವುದಿಲ್ಲ. ಹಳೆಯ ಟೆಸ್ಟರಿನ ನಿಯಾನ್ ಬಲ್ಬೇ ಬೇಕಾಯಿತು. ಮೋಟಾರು ಬಿಸಿಯಾಗುವವರೆಗೆ ಹತ್ತು ನಿಮಿಷ ಕಾಯಬೇಕು. ಅದು ಇಂಡಕ್ಷನ್ ಮೋಟಾರಾದ್ದರಿಂದ ವೋಲ್ಟೇಜು ಏರಿಳಿದರೂ ವೇಗ ತುಸು ಸರಿಯುತ್ತದೆ. ಸಂಜೆ ಏಳಕ್ಕೆ ಸರಿಯಾಗಿದ್ದದ್ದು ರಾತ್ರಿ ಹನ್ನೊಂದಕ್ಕೆ ಸರಿಯಾಗಿರಬೇಕೆಂದಿಲ್ಲ.

ಗೆರೆ ಎಣಿಸುವುದು ನನ್ನ ಕೆಲಸ, ತೀರ್ಪು ಸೋದರತ್ತೆಯದು. ಅವರು ಮೈಸೂರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಸಂಗೀತ ಪಾಠ ಹೇಳಿದವರು. ಒಂದು ಹಳೆಯ ಪ್ಲೇಟನ್ನು 78ಕ್ಕೆ ಹಾಕಿದಾಗ ಶ್ರುತಿಪೆಟ್ಟಿಗೆ ಹಿಡಿದು ಕೂತಿದ್ದ ಅತ್ತೆ, “ಐದೂವರೆ ಮನೆ ಬರ್ತಿದೆ. ಆದ್ರೆ ಈ ದನಿ ಐದು ಮನೇದು ಕಣೋ. ಕೇಳು, ಗಮಕ ಎಲ್ಲಾ ಓಡಿಹೋಗ್ತಿದೆ, ನಡುಗಿದ ಹಾಗಿದೆ” ಅಂದರು. ಮನೆ ಎಂದರೆ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಹೇಳುವ ಶ್ರುತಿ; ಇಲ್ಲಿ ಅರ್ಧ ಮನೆ, ಅಂದರೆ ಪಕ್ಕದ ಒಂದು ಕೀಲಿಯ ಅಂತರ, ಹೆಚ್ಚುಕಡಿಮೆ ನೂರಕ್ಕೆ ಆರು ಪಾಲು ವೇಗ. ಹಿಡಿಯನ್ನು ಮೆಲ್ಲಗೆ ಹಿಂದಕ್ಕೆ ಜಾರಿಸುತ್ತ ಬಂದೆ. ಶ್ರುತಿಪೆಟ್ಟಿಗೆಯ ಷಡ್ಜಕ್ಕೆ ಹಾಡಿನ ಷಡ್ಜ ಬಂದು ಕೂತಾಗ 81 ಗೆರೆಯ ವೃತ್ತ ಮಾತ್ರ ಬಲು ನಿಧಾನಕ್ಕೆ ಹಿಂದೆ ತೆವಳುತ್ತಿತ್ತು, ಅಂದರೆ 74ಕ್ಕಿಂತ ಒಂದಿಷ್ಟು ಕೆಳಗೆ. ಚೀರುತ್ತಿದ್ದ ದನಿಗೆ ಎದೆ ಬಂತು. ಪಕ್ಕವಾದ್ಯದ ಪಿಟೀಲೂ ಆಟದ ಸಾಮಾನಿನಂತೆ ಕೇಳುವುದನ್ನು ಬಿಟ್ಟಿತು.

ಎಚ್ಚರಿಕೆಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ: ಈ ಪ್ಲೇಟುಗಳನ್ನು ಆಲ್ಕೊಹಾಲ್ ಇರುವ ಯಾವ ದ್ರವದಿಂದಲೂ ತೊಳೆಯಬೇಡಿ. ಅವುಗಳಲ್ಲಿರುವುದು ಅರಗು, ಆಲ್ಕೊಹಾಲಿಗೆ ಕರಗುತ್ತದೆ. ಎಲ್‌ಪಿಗೆಂದು ಮಾರುವ ಕೆಲವು ದ್ರವಗಳಲ್ಲೂ ಅದು ಇರುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಮಗುವಿನ ಶಾಂಪೂ, ಮೆತ್ತನೆ ಬ್ರಶ್ಶು, ಲೇಬಲ್ ನೆನೆಯದ ಹಾಗೆ ಜೋಪಾನ, ತಕ್ಷಣ ಒರೆಸುವುದು.

ಈಗ ಪ್ರತಿ ಪ್ಲೇಟಿನ ಹೊದಿಕೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಎರಡು ಅಂಕಿ ಬರೆಯುತ್ತೇವೆ: ವೇಗ ನನ್ನ ಕೈಬರಹದಲ್ಲಿ, ಶ್ರುತಿ ಅತ್ತೆಯ ಕೈಬರಹದಲ್ಲಿ. ಕೆಲವು ರಂಗಗೀತೆಗಳ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಪ್ಪಂದವಾಗಿಲ್ಲ. ನಾಟಕದವರು ಎಷ್ಟು ಎತ್ತರದ ಶ್ರುತಿಗೆ ಬೇಕಾದರೂ ಹಾಡುತ್ತಿದ್ದರು, ಹಾಗಾಗಿ ಅಲ್ಲಿ 78 ಬಿಟ್ಟು ಇಳಿಯಬಾರದು ಎಂಬುದು ನನ್ನ ವಾದ. ಅಷ್ಟು ಎತ್ತರದಲ್ಲಿ ಆ ಹಾರ್ಮೋನಿಯಂ ಹಾಗೆ ಉಸಿರಾಡುವುದಿಲ್ಲ ಎಂಬುದು ಅತ್ತೆಯ ವಾದ. ಆ ಹೊದಿಕೆಗಳ ಮೇಲೆ ಸದ್ಯಕ್ಕೆ ಎರಡೂ ಲೆಕ್ಕ ಇವೆ.